ದಾರವಿಲ್ಲದ ಪುಸ್ತಕ

ಮನೆಯಿಂದ, ಹೊಲಿಗೆ ಯಂತ್ರದ ಪಕ್ಕ
ಹದಿನಾಲ್ಕನೇ ತಾರೀಖು, ಶನಿವಾರ, ಇನ್ನೂ ಬೆಳಕಾಗಿಲ್ಲ

ಪ್ರೀತಿಯ ಗೂಬೆಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಒಲೆ ಹಚ್ಚುವ ಸೋಮಾರಿತನಕ್ಕೆ ಮತ್ತೆ ಹಾಲು ಬ್ರೆಡ್ಡಿಗೇ ಇಳಿದಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಮಾತ್ರ ಕೇಳುವುದಿಲ್ಲ, ಅದರ ಉತ್ತರ ನನ್ನ ಮೇಜಿನ ಮೇಲೆಯೇ ಕೂತಿದೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನ ಭಾವ ಕ್ಷೇಮ. ದಿಂಬಿಗೆ ತಲೆ ತಾಗುವುದಕ್ಕೂ ಗೊರಕೆ ಶುರುವಾಗುವುದಕ್ಕೂ ನಡುವೆ ಒಂದು ಆಕಳಿಕೆಗೂ ಅವರು ಜಾಗ ಕೊಡುವುದಿಲ್ಲ. ಶಾಲೆ ಬಸ್ಸು ಓಡಿಸುವವರಿಗೆ ದೇವರು ನಿದ್ದೆಯನ್ನು ಬೇರೆ ಅಳತೆಯಲ್ಲಿ ಕೊಟ್ಟಿದ್ದಾನೋ ಏನೋ. ನಾನು ಕ್ಷೇಮವಿಲ್ಲ. ಮೂರು ರಾತ್ರಿಯಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ, ಕಾರಣ ನೀನು.

ಬುಧವಾರ ಮಧ್ಯಾಹ್ನ ನಿನ್ನ ಪಾರ್ಸೆಲ್ ಬಂತು. ಶಾಲೆ ತೆರೆಯುವ ಕಾಲದಲ್ಲಿ ನನ್ನ ಅವತಾರ ನಿನಗೆ ಗೊತ್ತೇ ಇದೆ. ಮನೆ ತುಂಬ ಕಂದು ಸ್ಕರ್ಟು, ಬಿಳಿ ಅಂಗಿ. ಕೂರಲು ಜಾಗವಿಲ್ಲ, ಓಡಾಡಿದರೆ ಅಂಗಾಲಿಗೆ ಗುಂಡುಸೂಜಿ. ಪಾರ್ಸೆಲ್ ತಂದವನು ಆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ಇಸ್ತ್ರಿ ಮಾಡಿಟ್ಟ ಅಂಗಿಗಳ ಮೇಲೆಯೇ ಕುಕ್ಕಿದ. ನಾನು ಅವನಿಗೆ ಬೈಯುತ್ತಲೇ ಕತ್ತರಿಯಿಂದ ಪಟ್ಟಿ ಕೊಯ್ದು ನೋಡಿದರೆ ನಮ್ಮ ಕಾದಂಬರಿಗಳು. ನಿನ್ನ ಹತ್ತಿರ ಇದ್ದವೆಲ್ಲ, ಒಂದೂ ಬಿಡದೆ. ಒಂದೊಂದಕ್ಕೂ ಹೊಸ ಕಾಗದದ ಹೊದಿಕೆ ಹಾಕಿ, ಹರಿದ ರಟ್ಟಿಗೆ ಗೋಂದು ಹಚ್ಚಿ, ಬೆನ್ನ ಮೇಲೆ ನಿನ್ನ ಆ ಇರುವೆಸಾಲಿನಂಥ ಅಕ್ಷರದಲ್ಲಿ ಹೆಸರು ಬರೆದು ಜೋಡಿಸಿದ್ದೆ. ನನಗಾದ ಸಂತೋಷ ಹೇಳಲಾರೆ. ಅಂತೂ ನನ್ನ ತಮ್ಮ ಮನೆ ಗುಡಿಸಿದ, ಧೂಳು ಹೊಡೆದ, ಮನುಷ್ಯನಾದ ಎಂದುಕೊಂಡೆ. ಅಂಗಿ ಹಾಕಿ ನೋಡಲು ಮಗುವನ್ನು ಕರೆತಂದಿದ್ದ ಒಬ್ಬ ತಾಯಿಗೆ, ಅವರು ಕೇಳದಿದ್ದರೂ, ನಮ್ಮ ತಮ್ಮ ಪುಸ್ತಕ ಇಟ್ಟುಕೊಳ್ಳುವ ಅಚ್ಚುಕಟ್ಟನ್ನು ತೋರಿಸಿ ಹೊಗಳಿದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮೇಲುಗಡೆ ಆ ಗಡಿಯಾರ ರಿಪೇರಿಯವನ ಕಾದಂಬರಿ ಇತ್ತು. ಹೋದ ತಿಂಗಳು ಫುಟ್‌ಪಾತಿನ ಹಳೇ ಪುಸ್ತಕದ ಮುದುಕನಿಂದ ಕೊಂಡು, ತೆರೆದೂ ನೋಡದೆ ನಿನಗೆ ಕಳಿಸಿದ್ದೆನಲ್ಲ, ಅದೇ. ಒಳಗೆ ನಿನ್ನ ಅಭಿಪ್ರಾಯದ ಚೀಟಿ. ಎಂದಿನಂತೆ ಎರಡು ಪುಟ ಇರುತ್ತದೆ, ಲೇಖಕನ ಜನ್ಮ ಜಾಲಾಡಿರುತ್ತೀಯ ಎಂದು ಆಸೆಯಿಂದ ಬಿಚ್ಚಿದೆ. ನೀನು ಬರೆದದ್ದು ಇಷ್ಟೇ. "ಅಕ್ಕಾ, ಇಡೀ ಪುಸ್ತಕದಲ್ಲಿ ಬುದ್ಧಿಯಿರುವವನು ಆ ಗಡಿಯಾರದವನೊಬ್ಬನೇ. ಕೊನೆಯಲ್ಲಿ ಸೇತುವೆ ಹತ್ತಿರ ಚಪ್ಪಲಿ ಜೋಡಿಸಿಟ್ಟು, ಯಾರಿಗೂ ತೊಂದರೆ ಕೊಡದೆ ಹೋಗಿಬಿಡುತ್ತಾನೆ. ಇಷ್ಟು ಸರಿಯಾದ ಅಂತ್ಯ ಓದಿ ಎಷ್ಟು ಕಾಲವಾಯಿತೋ. ಪುಸ್ತಕಗಳು ಇನ್ನು ನಿನ್ನ ಹತ್ತಿರವೇ ಇರಲಿ." ಓದಿದ ಕೂಡಲೇ ನನಗೆ ಬಂದದ್ದು ಸಿಟ್ಟು. ನಾನಿನ್ನೂ ಓದದ ಪುಸ್ತಕದ ಕೊನೆ ಹೇಳಿಬಿಟ್ಟಿದ್ದೀಯ! ಹುಟ್ಟಿದಾರಭ್ಯ ನೀನು ಈ ಕೆಲಸ ಮಾಡಿದವನಲ್ಲ. ಅಮ್ಮ ನಮಗೆ ಮಾಡಿಟ್ಟ ಕಾನೂನು ಮರೆತುಹೋಯಿತೇ ಎಂದು ಚೀಟಿಗೇ ಬೈದೆ.

ಆ ಕಾನೂನುಗಳನ್ನು ನೆನೆದರೆ ಈ ಸಂಕಟದಲ್ಲೂ ನಗು ಬರುತ್ತದೆ. ನಾನು ಆರಿಸಿದ ಪುಸ್ತಕವನ್ನು ನೀನು ಮೊದಲು ಕಿತ್ತುಕೊಂಡೆ ಎಂದು ನಾನು ನಿನ್ನ ಜುಟ್ಟು ಹಿಡಿದಿದ್ದೆ. ಅಮ್ಮ ಕೋಟಿನ ತೋಳು ಕತ್ತರಿಸುತ್ತಿದ್ದವಳು ತಲೆಯೆತ್ತದೆ ತೀರ್ಪು ಕೊಟ್ಟಳು. "ಒಬ್ರು ಕೊಳ್ಳಿ, ಇನ್ನೊಬ್ರು ಮೊದ್ಲು ಓದಿ. ಜಗಳ ಮುಗೀತು, ಹೋಗಿ." ಅಂದಿನಿಂದ ಕೊಂಡವರು ಎರಡನೆಯವರಾಗಿ ಓದುವುದು. ಓದುತ್ತ ನಿದ್ದೆ ಬಂದಲ್ಲಿ ಒಂದು ತುಂಡು ದಾರ ಇಡುವುದು, ನನಗೆ ಕೆಂಪು, ನಿನಗೆ ನೀಲಿ. ಇಟ್ಟ ದಾರವನ್ನು ತೆಗೆಯುವಂತಿಲ್ಲ. ಎಲ್ಲಿ ಯಾರು ತೂಕಡಿಸಿದರು ಎಂದು ನೋಡಿ ಅಮ್ಮ ಲೇಖಕರಿಗೆ ಮಾರ್ಕು ಕೊಡುತ್ತಿದ್ದಳು. ಎರಡು ಬಣ್ಣವೂ ಒಂದೇ ಪುಟದಲ್ಲಿ ಬಿದ್ದರೆ ಆ ಲೇಖಕ ನಪಾಸು. ಮತ್ತೆ, ಕೊನೆ ಹೇಳಿದವರಿಗೆ ಶಿಕ್ಷೆ, ವಾರಪೂರ್ತಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವುದು. ನಾನು ಎಷ್ಟು ಸಲ ಹೊಲಿದೆನೋ ಲೆಕ್ಕವಿಲ್ಲ, ನನ್ನ ಬಾಯಿಗೆ ಬೀಗವಿಲ್ಲ ಎಂದು ಊರಿಗೇ ಗೊತ್ತು. ನೀನು ಒಂದೇ ಒಂದು ಗುಂಡಿ ಹೊಲಿಯಲಿಲ್ಲ.

ಆ ನಿಯಮವನ್ನು ನೀನು ಮುರಿದದ್ದು ಒಬ್ಬಳಿಗಾಗಿ ಮಾತ್ರ. ನಮ್ಮ ಪಟಾಕಿಗಾಗಿ. ನಿನ್ನ ಹೆಂಡತಿಗೆ ಆ ಹೆಸರಿಟ್ಟವಳು ನಾನೇ. ಮದುವೆಯಾಗಿ ಬಂದ ವಾರದಲ್ಲೇ ನನ್ನ ಮೇಲೆ ಸಿಡಿದಿದ್ದಳಲ್ಲ, "ಅಕ್ಕಾ, ನೀವಿಬ್ರೂ ಪುಸ್ತಕದ ಬಗ್ಗೆ ಆಡೋ ಜಗಳಕ್ಕೆ ಪಕ್ಕದ ಮನೆಯವರು ಆಸ್ತಿ ಪಾಲಾಗ್ತಿದೆ ಅಂದ್ಕೊಂಡಿದಾರೆ" ಎಂದು. ಒಂದು ಪುಟವನ್ನೂ ಓದದವಳು. ನೀನು ಪಂಪ್‌ಹೌಸಿನ ಪಾಳಿ ಮುಗಿಸಿ ಬಂದು, ಮಲಗುವಾಗ ಅವಳಿಗೆ ಕಥೆ ಹೇಳಬೇಕು. ಅದೂ ಹೇಗೆ? "ರೀ, ಕೊನೇಲಿ ಏನಾಗತ್ತೆ ಅದನ್ನ ಮೊದ್ಲು ಹೇಳಿ. ನಡುವೆ ನಿದ್ದೆ ಬಂದ್ರೆ ನಷ್ಟ ಇರಲ್ಲ." ಕೊನೆ ಕೇಳಿಕೊಂಡು, ನಿಶ್ಚಿಂತೆಯಿಂದ ನಾಯಕಿ ಮನೆಯಿಂದ ಹೊರಡುವ ಮೊದಲೇ ಮಲಗಿಬಿಡುತ್ತಿದ್ದಳು. ಅವಳು ಮಲಗಿದ ಮೇಲೆ ನೀನೂ. ಆಸ್ಪತ್ರೆಯಲ್ಲಿ ಆ ಹಾಳು ಜ್ವರದಲ್ಲಿ ನೀನು ಕಥೆ ಶುರುಮಾಡಿದಾಗ ಅವಳು ಕೊನೆ ಕೇಳಲಿಲ್ಲ. "ಅಕ್ಕಾ, ಆಗಲೇ ನನಗೆ ಗೊತ್ತಾಯಿತು" ಎಂದು ನೀನು ಬರೆದಿದ್ದೆ. ಆ ಕಾಗದ ನನ್ನ ಹತ್ತಿರ ಇದೆ. ಮತ್ತೆ ಓದುವ ಧೈರ್ಯವಿಲ್ಲ. ಅವಳು ಹೋಗಿ ವರ್ಷವಾಗುತ್ತ ಬಂತು, ನಿನಗೆ ಕಥೆ ಹೇಳಲು ಯಾರೂ ಇಲ್ಲ, ನಿದ್ದೆಯೂ ಇಲ್ಲ.

ಸಿಟ್ಟಿನಲ್ಲೇ ಆ ರಾತ್ರಿ ನಿನ್ನ ಗಡಿಯಾರದವನನ್ನು ಓದಲು ಕೂತೆ. ಕೊನೆ ಗೊತ್ತಾದ ಪುಸ್ತಕ ಓದುವುದು ಎಂದರೆ ತಣ್ಣಗಾದ ಕಾಫಿ ಕುಡಿದ ಹಾಗೆ. ಆದರೂ ಓದಿದೆ. ನಿನ್ನ ನೀಲಿ ದಾರ ಎಲ್ಲಿ ಸಿಗುತ್ತದೆ ಎಂದು ಪುಟ ಪುಟವೂ ನೋಡುತ್ತ ಹೋದೆ. ಗುರುವಾರ ಇಡೀ ದಿನ ಸ್ಕರ್ಟಿನ ನೆರಿಗೆ ಮಡಿಸುತ್ತ, ಸಂಜೆ ಮತ್ತೆ ಓದುತ್ತ, ಪುಸ್ತಕ ಮುಗಿಯಿತು. ನೀಲಿ ದಾರ ಒಂದೂ ಇರಲಿಲ್ಲ. ಪುಸ್ತಕ ಕೊಡವಿ ನೋಡಿದೆ, ನೆಲದ ಮೇಲೆ ಕೈಯಾಡಿಸಿದೆ. ನಮ್ಮ ಮನೆ ನೆಲದಲ್ಲಿ ದಾರಕ್ಕೇನು ಬರ, ಆದರೆ ನಿನ್ನ ಆ ನೀಲಿ ಇರಲಿಲ್ಲ. ಇಷ್ಟು ದಪ್ಪದ ಪುಸ್ತಕ ಓದುವಷ್ಟು ಕಾಲ ನೀನು ಒಂದು ಸಲವೂ ಮಲಗಿಲ್ಲ.

ಆಗ ನನಗೆ ಏನೋ ಆಯಿತು. ಪೆಟ್ಟಿಗೆಯಲ್ಲಿದ್ದ ಎಲ್ಲ ಪುಸ್ತಕಗಳನ್ನೂ ನೆಲದ ಮೇಲೆ ಹರಡಿ, ಒಂದೊಂದನ್ನೇ ತೆರೆದು ನಿನ್ನ ದಾರ ಹುಡುಕಿದೆ. ಗೂಬೆ, ನಿನ್ನ ನಿದ್ದೆಯ ಜಾತಕವೇ ಅಲ್ಲಿತ್ತು. ಶಾಲೆಯ ದಿನಗಳ ಪುಸ್ತಕದಲ್ಲಿ ದಾರಗಳು ಒತ್ತೊತ್ತಾಗಿ. ಮದುವೆಯಾದ ವರ್ಷದ್ದರಲ್ಲಿ ಹತ್ತನೇ ಪುಟದಲ್ಲೇ ಒಂದು ಮುಷ್ಟಿ ದಾರ, ಹೊಸ ಮದುವಣಿಗ ಮುಂದೆ ಹೋಗಲೇ ಇಲ್ಲ, ನಾನೇನೂ ಕೇಳುವುದಿಲ್ಲ ಬಿಡು. ಆಮೇಲಿನ ವರ್ಷಗಳಲ್ಲಿ ನಾಲ್ಕಾರು ಪುಟಕ್ಕೊಂದು, ಹದವಾಗಿ, ಸುಖವಾಗಿ. ಹೋದ ವರ್ಷದಿಂದ ಅವು ದೂರ ದೂರ. ಆ ದಪ್ಪ ಹಸಿರು ರಟ್ಟಿನ ಸಂಸಾರದ ಕಾದಂಬರಿಯಲ್ಲಿ ಇಡೀ ಪುಸ್ತಕಕ್ಕೆ ನಾಲ್ಕು. ಪತ್ತೇದಾರಿಯಲ್ಲಿ ಎರಡು. ಆ ಪ್ರೇಮದ ಕಥೆಯಲ್ಲಿ ಒಂದೇ ಒಂದು, ಅದೂ ಇಟ್ಟಿದ್ದೋ ಜಾರಿದ್ದೋ. ಈ ಪುಸ್ತಕಗಳು ನನ್ನ ಕೈಗೂ ಬಂದಿದ್ದವು, ನಾನೂ ಓದಿದ್ದೆ, ನನ್ನ ಕೆಂಪು ದಾರ ಪಕ್ಕದಲ್ಲೇ ಇದೆ. ಕಣ್ಣಿದ್ದೂ ಕುರುಡಿ.

ನಿನ್ನ ಅಭಿಪ್ರಾಯದ ಚೀಟಿಗಳನ್ನೂ ಮತ್ತೆ ಓದಿದೆ. ಹಸಿರು ರಟ್ಟಿನದಕ್ಕೆ ನೀನು ಬರೆದಿದ್ದೆ, "ಮೂರು ತಲೆಮಾರು, ಎಲ್ಲರೂ ಮಾತಾಡುತ್ತಾರೆ, ಈ ಮನೆಯಲ್ಲಿ ಬಚ್ಚಲು ತೊಳೆಯುವವರು ಯಾರು ಎಂದು ಲೇಖಕ ಹೇಳುವುದಿಲ್ಲ." ಅದನ್ನು ಓದಿ ನಿನ್ನ ಭಾವ ಕೂಡ ನಕ್ಕಿದ್ದರು. ಪತ್ತೇದಾರಿಗೆ ನಾನು, ಸತ್ತವನ ಕೋಟಿನ ಗುಂಡಿ ಎಡಗಡೆ ಇದೆ ಎಂದು ಬರೆದಾಗಲೇ ಇದು ಹೆಂಗಸಿನ ಕೋಟು ಎಂದು ಕೊಂದವಳನ್ನು ಎರಡನೇ ಅಧ್ಯಾಯದಲ್ಲೇ ಹಿಡಿದೆ ಎಂದು ಜಂಬ ಕೊಚ್ಚಿದ್ದೆ. ನೀನು, "ಆ ಪುಸ್ತಕದಲ್ಲಿ ನೆಮ್ಮದಿಯಾಗಿ ಮಲಗಿದವನು ಕೊಲೆಯಾದವನೊಬ್ಬನೇ" ಎಂದಿದ್ದೆ. ಎಂಥ ಚಾಟಿ ಮಾತು ಎಂದು ಅದನ್ನು ನಾಲ್ಕು ಜನರಿಗೆ ಹೇಳಿ ನಗಿಸಿದೆ ನಾನು. ಪ್ರೇಮದ ಕಥೆಯಲ್ಲಿ ನಾಯಕಿ ಕಾಯಿಲೆಯಿಂದ ಎದ್ದು ಕೂತದ್ದಕ್ಕೆ ನೀನು ಬರೆದದ್ದು, "ಸುಳ್ಳು. ಹೀಗಾಗುವುದಿಲ್ಲ." ಅದಕ್ಕೆ ನಾನು ಪುಟಗಟ್ಟಲೆ ಉತ್ತರ ಬರೆದೆ. ಲೇಖಕಿಗೆ ಅಳಿಸುವ ಚಟ, ಅಳಿಸಿದ ಮೇಲೆ ಕರವಸ್ತ್ರ ಕೊಡುವ ಚಟ, ಅದು ಇದು ಎಂದು. ನೀನು ಕಥೆಯ ಮಾತಾಡುತ್ತಿರಲಿಲ್ಲ, ನಾನು ಕಥೆಯನ್ನೇ ಆಡುತ್ತ ಕೂತೆ. ನಮ್ಮ ಮನೆಯವರಿಗೆ ನೇರ ಮಾತು ಬರುವುದೇ ಇಲ್ಲ. ಅಪ್ಪ ತೀರಿಕೊಂಡಾಗಲೂ ನಾವಿಬ್ಬರೂ ಯಾವುದೋ ಕಾದಂಬರಿಯ ಅಪ್ಪನ ಬಗ್ಗೆ ವಾದ ಮಾಡಿದೆವು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಮಾತಾಡಿ, ಈಗ ಕತ್ತಲು ಯಾರ ಕಡೆಗಿದೆ ಎಂದೇ ಕಾಣುವುದಿಲ್ಲ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಸಾಯಬೇಕು ಎನಿಸುತ್ತಿದೆಯಾ? ಹೌದಾದರೆ ಹೌದು ಅನ್ನು. ನಾನು ಬೈಯುವುದಿಲ್ಲ. ಅಳುವುದಿಲ್ಲ ಎಂದು ಮಾತ್ರ ಹೇಳಲಾರೆ, ಈಗಲೇ ಅಳುತ್ತಿದ್ದೇನೆ, ಇಲ್ಲಿ ಶಾಯಿ ಹರಡಿದ್ದು ಅದಕ್ಕೇ. ಹೇಡಿ ಎನ್ನುವುದಿಲ್ಲ, ಹುಚ್ಚ ಎನ್ನುವುದಿಲ್ಲ, ಪಟಾಕಿ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಅವಳ ಹೆಸರು ಮುಂದಿಟ್ಟು ಹೆದರಿಸುವುದೂ ಇಲ್ಲ. ನನಗೆ ಭಯವಾಗಿದೆ ಎಂದಷ್ಟೇ ಹೇಳುತ್ತೇನೆ. ಅಮ್ಮ ಹೋದಾಗಲೂ ಇಷ್ಟು ಭಯವಾಗಿರಲಿಲ್ಲ.

ನಿನ್ನೆ ಬೆಳಿಗ್ಗೆಯಿಂದ ನಿನಗೆ ಫೋನ್ ಮಾಡಿ ಮಾಡಿ ಬೆರಳು ಸವೆಯಿತು. ನೀನು ಎತ್ತಲಿಲ್ಲ. ಪಂಪ್‌ಹೌಸಿಗೆ ಮಾಡಿದರೆ ನಿನ್ನ ಮೇಲಿನವರು, "ಅವರು ರಜೆ ಹಾಕಿದಾರಮ್ಮ, ಎಲ್ಲೀವರೆಗೆ ಅಂತ ಬರೆದಿಲ್ಲ" ಎಂದರು. ಊರಿಗೆಲ್ಲ ನೀರು ಬಿಡುವವನು, ಹಬ್ಬವೋ ಹರಿದಿನವೋ ಒಂದು ದಿನ ರಜೆ ಹಾಕದವನು. ಕೊನೆಗೆ ನಿನ್ನ ಎದುರುಮನೆ ಟೀಚರಿಗೆ ಮಾಡಿದೆ. ಸಕ್ಕರೆ ಸಾಲ ಕೇಳುವ ನೆಪದಲ್ಲಿ ಒಮ್ಮೆ ಬಾಗಿಲು ತಟ್ಟಿ ಎಂದೆ. ಪಾಪ ಅವರು ಹೋಗಿ ಬಂದು ಹೇಳಿದರು, "ಕೊಟ್ರು ಕಣ್ರೀ. ಲೋಟ ತುಂಬ ಕೊಟ್ರು. ವಾಪಸ್ ಕೊಡೋದೇನೂ ಬೇಡ ಅಂದ್ರು. ಗಡ್ಡ ಬಿಟ್ಟಿದಾರೆ. ಬಾಗಿಲು ಹಾಕ್ಕೊಂಡ್ರು." ವಾಪಸ್ ಬೇಡ ಎಂದ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿದೆ. ಪುಸ್ತಕವೂ ವಾಪಸ್ ಬೇಡ, ಸಕ್ಕರೆಯೂ ವಾಪಸ್ ಬೇಡ. ನಿನಗೆ ಏನು ಬೇಕು ಹೇಳು, ನಾನು ತರುತ್ತೇನೆ.

ಈಗ ನಿನ್ನ ಗಡಿಯಾರದವನ ಬಗ್ಗೆ ನನ್ನ ಅಭಿಪ್ರಾಯ. ಕಾನೂನು ಪ್ರಕಾರ ನೀನು ಓದಲೇಬೇಕು. ನಿನ್ನ ಹೀರೋಗೆ ಬುದ್ಧಿ ಇಲ್ಲ. ಅಂಗಡಿಯಲ್ಲಿ ಜನರ ಗಡಿಯಾರಗಳು ಹಲ್ಲು, ಮುಳ್ಳು, ಸ್ಪ್ರಿಂಗು ಬಿಚ್ಚಿ ಬಟ್ಟೆಯ ಮೇಲೆ ಹರಡಿವೆ. ರಿಪೇರಿಗೆ ಕೊಟ್ಟವರು ಏನು ಮಾಡಬೇಕು? ನಾನು ದರ್ಜಿ, ಇನ್ನೊಬ್ಬರ ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಹೊಲಿಯದೆ ಎದ್ದು ಹೋಗುವ ಹಕ್ಕು ನನಗಿಲ್ಲ. ಮತ್ತೆ, ಯಾರಿಗೂ ತೊಂದರೆ ಕೊಡದೆ ಹೋದ ಎಂದು ಬರೆದಿದ್ದೀಯಲ್ಲ, ಅಲ್ಲಿ ನೀನು ಒಬ್ಬಳನ್ನು ಓದದೆ ದಾಟಿದ್ದೀಯ. ನಡುವೆಲ್ಲೋ ಅವನ ಅಕ್ಕ ಬರುತ್ತಾಳೆ. ಎರಡೇ ಸಾಲು. ಅಂಗಡಿಗೆ ಬುತ್ತಿ ತಂದಿಟ್ಟು, ಬಿಸಿ ಇರುವಾಗಲೇ ತಿನ್ನು ಎಂದು ಹೇಳಿ ಹೋಗುತ್ತಾಳೆ. ಆಮೇಲೆ ಲೇಖಕ ಅವಳ ಸುದ್ದಿಯನ್ನೇ ಎತ್ತುವುದಿಲ್ಲ. ಮರುದಿನ ಅವಳು ಬುತ್ತಿ ತಂದಾಗ ಅಂಗಡಿ ಬಾಗಿಲು ಹಾಕಿರುತ್ತದಲ್ಲ, ಆಗ ಅವಳು ಆ ಡಬ್ಬಿಯನ್ನು ಎಲ್ಲಿಡಬೇಕು? ಉಳಿದ ಆಯುಷ್ಯವೆಲ್ಲ ಆ ಡಬ್ಬಿ ಹಿಡಿದುಕೊಂಡೇ ನಿಲ್ಲಬೇಕು. ನಾನು ಆ ಎರಡು ಸಾಲಿನವಳು ಕಣೋ. ನನ್ನನ್ನು ಪುಸ್ತಕದಲ್ಲಿ ಯಾರೂ ಗಮನಿಸುವುದಿಲ್ಲ, ನೀನೂ ಗಮನಿಸಲಿಲ್ಲ.

ಚಪ್ಪಲಿ ಜೋಡಿಸಿಟ್ಟ ಮಾತಿಗೆ ಬಂದರೆ, ನಿನ್ನ ಹೊಸ ಶೂ ನೆನಪಿದೆಯಾ? ಆಗ ನೀನು ಎರಡನೇ ಕ್ಲಾಸಿನಲ್ಲಿದ್ದೆ. ಶಾಲೆಯಿಂದ ನೀನು ಬರಲಿಲ್ಲ, ಹುಡುಕಿಕೊಂಡು ಹೋದರೆ ಕೆರೆಯ ಮೆಟ್ಟಿಲ ಮೇಲೆ ನಿನ್ನ ಶೂ, ಕಾಲುಚೀಲ ಒಳಗೆ ತುರುಕಿ ಜೋಡಿಸಿಟ್ಟಿದೆ. ಅಮ್ಮ ಅಲ್ಲೇ ಕುಸಿದಳು. ಬೀದಿಯ ಗಂಡಸರೆಲ್ಲ ನೀರಿಗೆ ಇಳಿದರು. ಕತ್ತಲಾಗುವ ಹೊತ್ತಿಗೆ ನಾನು ಟಾರ್ಚು ತರಲು ಮನೆಗೆ ಓಡಿ ಬಂದರೆ, ನೀನು ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಮಲಗಿದ್ದೆ, ಎದೆಯ ಮೇಲೆ ಪುಸ್ತಕ, ಪುಸ್ತಕದಲ್ಲಿ ನೀಲಿ ದಾರ. ಎಬ್ಬಿಸಿದರೆ, "ಶೂ ಕಚ್ತಿತ್ತು ಅಕ್ಕಾ, ಬಿಟ್ಟು ಹಿಂದಿನ ಗಲ್ಲೀಲಿ ಬಂದೆ" ಎಂದೆ. ಅಮ್ಮ ಬಂದು ನಿನ್ನನ್ನು ಹೊಡೆದದ್ದೆಷ್ಟು, ಮುದ್ದಿಸಿದ್ದೆಷ್ಟು! ಅವತ್ತಿನಿಂದ ಜೋಡಿಸಿಟ್ಟ ಚಪ್ಪಲಿ ಕಂಡರೆ ಒಳಗೆ ಮನುಷ್ಯ ಇದ್ದಾನೆ ಎಂದೇ ನಾನು ನಂಬುವುದು.

ಈ ನೆನಪಿನಿಂದಲೇ ಇರಬೇಕು, ಗುರುವಾರ ರಾತ್ರಿ ಆ ಕೊನೆಯ ಪುಟವನ್ನು ಮತ್ತೆ ಮತ್ತೆ ತಿರುಗಿಸಿದೆ. ಚಪ್ಪಲಿ, ಸೇತುವೆ, ಪೂರ್ಣವಿರಾಮ. ಆಗ ಬೆರಳಿಗೆ ಏನೋ ತಾಗಿತು. ಪುಸ್ತಕ ನಿನಗೆ ಅಕ್ಷರ, ನನಗೆ ಹೊಲಿಗೆ. ರಟ್ಟಿನ ಒಳಬೆನ್ನಿನಲ್ಲಿ ಹೊಲಿಗೆಯ ದಾರ ತುಂಡಾಗಿ ನೇತಾಡುತ್ತಿತ್ತು. ದೀಪದ ಹತ್ತಿರ ಹಿಡಿದು ನೋಡಿದೆ. ಒಣಗಿದ ಗೋಂದಿನಲ್ಲಿ ಇನ್ನೊಂದು ಮಡಿಕೆ ಕಾಗದ ಕೂತಿದ್ದ ಗುರುತು, ದಾರ ಹಾದುಹೋಗಿದ್ದ ತೂತುಗಳು. ಗೂಬೆ, ಆ ಪುಸ್ತಕ ಅಲ್ಲಿಗೆ ಮುಗಿದಿಲ್ಲ. ಕೊನೆಯ ಒಂದು ಮಡಿಕೆ, ಹದಿನಾರು ಪುಟ, ಕಳಚಿ ಬಿದ್ದುಹೋಗಿದೆ. ಅಧ್ಯಾಯ ಮುಗಿಯುವ ಜಾಗಕ್ಕೇ ಸರಿಯಾಗಿ ಕಿತ್ತುಹೋಗಿದ್ದರಿಂದ ನಿನಗೆ ಗೊತ್ತಾಗಲಿಲ್ಲ. ಇಷ್ಟು ಸರಿಯಾದ ಅಂತ್ಯ ಎಂದು ನೀನು ಹೊಗಳಿದ್ದು ಅಂತ್ಯವನ್ನಲ್ಲ, ಹರಿದ ಹೊಲಿಗೆಯನ್ನು.

ನಿನ್ನೆ ಹೊಲಿಗೆಗೆಲ್ಲ ಬಟ್ಟೆ ಮುಚ್ಚಿ ಆ ಫುಟ್‌ಪಾತಿನ ಮುದುಕನ ಹತ್ತಿರ ಓಡಿದೆ. "ತಾಯೀ, ನಾನು ಪುಸ್ತಕಾನ ತೂಕ ಮಾಡಿ ತಗೊಳ್ತೀನಿ, ಓದಿ ಅಲ್ಲ" ಎಂದ. ಅಲ್ಲಿಂದ ದೊಡ್ಡ ಲೈಬ್ರರಿಗೆ. ಅಲ್ಲಿ ಒಂದು ಪ್ರತಿ ಇತ್ತು, ಮನೆಗೆ ಕೊಡುವಂತಿಲ್ಲವಂತೆ. ಲೈಬ್ರರಿಯ ಹೆಂಗಸು ನನ್ನ ಮುಖ ನೋಡಿ, ಕೂತ್ಕೊಳ್ಳಿ, ನೀರು ಕುಡೀರಿ ಎಂದರು. ಕೊನೆಯ ಹದಿನಾರು ಪುಟ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅವು ಇಲ್ಲೇ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಮುಖ ಕೆಳಗೆ ಮಾಡಿ ಮಲಗಿವೆ. ನಾನು ಓದಿಲ್ಲ. ಪುಸ್ತಕ ಕೊಂಡವಳು ನಾನು, ಮೊದಲು ಓದುವ ಸರದಿ ನಿನ್ನದು. ನಿಜ ಹೇಳಲೇ, ಓದಲು ಹೆದರಿಕೆಯೂ ಆಯಿತು. ಅವನು ಹಿಂದಿರುಗಿ ಬಂದನೆಂದೇ ಅಲ್ಲಿ ಬರೆದಿದೆ ಎಂದು ನಿನಗೆ ಆಣೆ ಮಾಡಿ ಹೇಳಲು ನನಗೆ ಆಸೆ. ಆದರೆ ಗೊತ್ತಿಲ್ಲ. ಲೇಖಕರನ್ನು ನಂಬಲಾಗುವುದಿಲ್ಲ, ಅವರು ಯಾರನ್ನು ಬೇಕಾದರೂ ಕೊಲ್ಲುತ್ತಾರೆ. ನನಗೆ ಗೊತ್ತಿರುವುದು ಒಂದೇ, ನೀನು ಮುಗಿಯಿತು ಎಂದುಕೊಂಡ ಜಾಗದಲ್ಲಿ ಅದು ಮುಗಿದಿರಲಿಲ್ಲ.

ಆ ಪುಟಗಳನ್ನು ಈ ಕಾಗದದ ಜೊತೆ ಕಳಿಸೋಣ ಎಂದುಕೊಂಡೆ. ಬೇಡ ಎನಿಸುತ್ತಿದೆ. ಒಬ್ಬನೇ ಕೂತು, ನಿದ್ದೆಗೆಟ್ಟ ಕಣ್ಣಲ್ಲಿ ನೀನು ಅದನ್ನು ಓದುವುದು ನನಗೆ ಇಷ್ಟವಿಲ್ಲ. ಮೊದಲು ನೀನು ಒಂದು ಸಾಲು ಬರೆ, ಇದ್ದೇನೆ ಎಂದಷ್ಟೇ ಬರೆ. ಇಲ್ಲಿಗೆ ಬಂದುಬಿಡು. ಇಲ್ಲಿನ ಡಾಕ್ಟರಮ್ಮ ಒಳ್ಳೆಯವರು, ನಿದ್ದೆ ಬಾರದಿರುವುದೂ ಸಾಯಬೇಕೆನಿಸುವುದೂ ಕಾಯಿಲೆಯೇ ಅಂತೆ, ಮಾತಾಡಿದರೆ ಔಷಧಿ ತಗೊಂಡರೆ ವಾಸಿಯಾಗುತ್ತದಂತೆ. ನಿನ್ನೆ ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ, ಆದರೆ ಅವರಿಗೆ ಗೊತ್ತಾಯಿತು. ಇಬ್ಬರೂ ಹೋಗೋಣ. ನನಗೂ ನಿದ್ದೆಯಿಲ್ಲವಲ್ಲ, ನಾನು ಮೊದಲು ಒಳಗೆ ಹೋಗುತ್ತೇನೆ, ನೀನು ಆಮೇಲೆ ಬಾ.

ಇನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನ ಭಾವ ನಿನ್ನನ್ನು ಕೇಳಿದರು ಎಂದು ಬರೆಯಬೇಕು, ಆದರೆ ಅವರು ಗೊರಕೆಯಲ್ಲಿದ್ದಾರೆ, ಎದ್ದ ಮೇಲೆ ಕೇಳುತ್ತಾರೆ. ನೂರು ವರ್ಷ ಬಾಳು ಎಂದು ಹರಸುವ ಧೈರ್ಯ ಇವತ್ತು ನನಗಿಲ್ಲ. ಈ ಒಂದು ರಾತ್ರಿ ನಿನಗೆ ನಿದ್ದೆ ಬರಲಿ, ಬೆಳಿಗ್ಗೆ ಹಸಿವಾಗಲಿ. ನನ್ನ ಆಶೀರ್ವಾದ ಇಷ್ಟೇ.

ಇಂತಿ ನಿನ್ನ ಅಕ್ಕ,
ಕತ್ತರಿ

ತಾ.ಕ.: ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಕಾಗದ ತೊಡೆಯ ಮೇಲಿದೆ, ಅಕ್ಷರ ಕ್ಷಮಿಸು. ಲಕೋಟೆ ತಿರುಗಿಸಿ ನೋಡಿದೆಯಾ? ಅಂಚೆಚೀಟಿ ಇಲ್ಲ. ಕಾಗದ ಮಡಿಸಿ ಎದ್ದಾಗ ನಿನ್ನ ಭಾವ ಹಿಂದೆಯೇ ನಿಂತಿದ್ದರು. ಗೊರಕೆ ಯಾವಾಗ ನಿಂತಿತೋ ನನಗೆ ಗೊತ್ತಾಗಿರಲಿಲ್ಲ. "ಇದೇನು ಅಂಚೆಗೆ ಹಾಕೋ ಕಾಗದಾನಾ? ಅದು ತಲುಪೋ ಹೊತ್ತಿಗೆ... ಹೊರಡು" ಎಂದು ಶಾಲೆ ಬಸ್ಸಿನಲ್ಲೇ ನನ್ನನ್ನು ನಿಲ್ದಾಣಕ್ಕೆ ಬಿಟ್ಟರು, ತಮ್ಮ ಸ್ವೆಟರ್ ಬಿಚ್ಚಿ ನಿನಗೆಂದು ಕೊಟ್ಟರು. ಇಡೀ ದಾರಿ ನಾನು ಮಾತು ಕಟ್ಟಿಕೊಂಡು ಬಂದೆ, ನಿನ್ನ ಬಾಗಿಲಿಗೆ ಬಂದ ಮೇಲೆ ಒಂದೂ ನೆನಪಾಗುತ್ತಿಲ್ಲ. ಹೊರಗೆ ನಿನ್ನ ಚಪ್ಪಲಿ ಜೋಡಿಸಿಟ್ಟಿದೆ. ಕಂಡ ಕೂಡಲೇ ಬಾಗಿಲಿಗೆ ಕಿವಿ ಇಟ್ಟೆ, ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು. ಬಾಗಿಲು ತಟ್ಟಿದೆ, ಕರೆದೆ. ಚಿಲಕ ಸರಿಯಲಿಲ್ಲ. ಸರಿ, ನಮ್ಮ ಮನೆಯವರಿಗೆ ಕಾಗದವೇ ವಾಸಿ, ಬಾಗಿಲ ಕೆಳಗಿನಿಂದ ತೂರಿಸುತ್ತಿದ್ದೇನೆ. ಆ ಹದಿನಾರು ಪುಟ ನನ್ನ ಚೀಲದಲ್ಲಿವೆ, ಅವನ್ನು ಮಾತ್ರ ಸಂದಿಯಲ್ಲಿ ತೂರಿಸುವುದಿಲ್ಲ. ಒಟ್ಟಿಗೇ ಓದೋಣ, ಅವನು ಏನಾದನೋ ನೋಡೋಣ, ಕೆಟ್ಟದ್ದಿದ್ದರೆ ಇಬ್ಬರೂ ಸೇರಿ ಲೇಖಕನಿಗೆ ಬೈಯೋಣ. ಕೊನೆ ಹೇಳಿದ್ದಕ್ಕೆ ನಿನಗೆ ಶಿಕ್ಷೆಯೂ ಬಾಕಿ ಇದೆ, ಗುಂಡಿಯಿಲ್ಲದ ಅಂಗಿಗಳ ಒಂದು ಗಂಟು ಹೊತ್ತುಕೊಂಡೇ ಬಂದಿದ್ದೇನೆ. ನೀಲಿ ದಾರವೂ ತಂದಿದ್ದೇನೆ. ನಾನು ಮೆಟ್ಟಿಲ ಮೇಲೆ ಕೂತಿದ್ದೇನೆ, 'ಹೋಗು' ಎಂದರೂ ಹೋಗುವುದಿಲ್ಲ. ಚಿಲಕ ಇರುವುದು ನಿನ್ನ ಕಡೆ. ತೆಗಿಯೋ.